ಎಡಗಡೆ ಇರುಳು, ಬಲಗಡೆ ಕಣ್ಣು

ಕಾರಿಗೆ ಎಕ್ಸ್‌ಟ್ರಾ ಲೈಟು ಹಾಕ್ಸೋರಲ್ಲಿ ಎರಡು ಥರದವ್ರು ಇರ್ತಾರೆ. ಶೋಕಿಗೆ ಹಾಕ್ಸೋರು, ಬೇಕೇ ಬೇಕು ಅಂತ ಹಾಕ್ಸೋರು. ಪೈಲೆಟ್ ಎರಡನೇ ಥರದವ್ನು. ಆದ್ರೆ ಊರೆಲ್ಲಾ ಶೋಕಿ ಶೋಕಿ ಅಂತ ಹೇಳ್ಕೊಂಡು ತಿರುಗ್ದ. ಅದೇ ಅವ್ನು ಮಾಡಿದ ತಪ್ಪು ನೋಡಿ.

ಪೈಲೆಟ್ ಅಂದ್ರೆ ವಿಮಾನದವ್ನಲ್ಲ ಮತ್ತೆ. ಆಸ್ಪತ್ರೆ ಗೇಟ್ ಪಕ್ಕದ ಸ್ಟ್ಯಾಂಡಲ್ಲಿ ನಿಲ್ಲೋ ಬಾಡಿಗೆ ಕಾರಿನ ಡ್ರೈವರ್ರು. ಯಾರು ಹತ್ತಿದ್ರೂ ಕತ್ತು ತಿರುಗ್ಸಿ, "ಬೆಲ್ಟ್ ಕಟ್ಕೊಳ್ಳಿ, ಟೇಕಾಫ್ ಆಗ್ತಿದೆ" ಅಂತಿದ್ದ. ಇಪ್ಪತ್ತು ವರ್ಷದಿಂದ ಅದೊಂದೇ ಜೋಕು. ಅದಕ್ಕೇ ಆ ಹೆಸರು.

ಕಾರು ಅವನದ್ದಲ್ಲ, ಭಾಮೈದನದ್ದು. ಹೆಂಡ್ತಿಯ ತಮ್ಮ. ಮೂರು ಕಾರು ಇಟ್ಕೊಂಡಿದ್ದ, ಒಂದರ ಕೀ ಇವನ ಕೈಲಿ. ಬೆಳಿಗ್ಗೆ ಐದಕ್ಕೆ ಹೊರಟು ನಾಲ್ಕು ಬೀದಿ ಸುತ್ತಿ ನಾಲ್ಕು ನರ್ಸಮ್ಮಂದಿರನ್ನ ಹತ್ತಿಸ್ಕೊಂಡು ಆರರ ಶಿಫ್ಟಿಗೆ ಆಸ್ಪತ್ರೆಗೆ ಬಿಡೋದು, ಮಧ್ಯಾಹ್ನ ಎರಡೂವರೆಗೆ ವಾಪಸ್ ಮನೆಗೆ ಬಿಡೋದು, ಇದೇ ಖಾಯಂ ಕೆಲ್ಸ, ಮಿಕ್ಕ ಹೊತ್ತು ಸ್ಟ್ಯಾಂಡಲ್ಲಿ. ಆ ಬೆಳಗಿನ ಟ್ರಿಪ್ ಇದ್ರೇನೇ ಕೀ. ಕೀ ಇರೋವರೆಗೆ ಭಾಮೈದ "ಬನ್ನಿ ಭಾವ, ಕೂತ್ಕೊಳ್ಳಿ ಭಾವ" ಅಂತಿದ್ದ. ಕೀ ಹೋದ್ರೆ ಹೆಂಡ್ತಿಯ ತಮ್ಮನ ಮುಂದೆ ಕೈಕಟ್ಕೊಂಡು ನಿಲ್ಬೇಕು. ಐವತ್ತರ ಹತ್ರ ಬಂದವ್ನಿಗೆ ಬೇರೆ ಯಾರು ಕಾರು ಕೊಡ್ತಾರೆ?

ತೊಂದ್ರೆ ಆರು ತಿಂಗಳ ಹಿಂದೆ ಶುರುವಾಗಿತ್ತು. ಕತ್ತಲಾದ್ರೆ ಸಾಕು, ಕಣ್ಣ ಮುಂದೆ ಯಾರೋ ಇದ್ದಿಲ ಪುಡಿ ಎರಚ್ದಂಗೆ. ಮೊದ್ಲು ಹೆಡ್‌ಲೈಟ್ ಗಾಜು ಮಬ್ಬಾಗಿದೆ ಅಂತ ಟೂತ್‌ಪೇಸ್ಟ್ ಹಾಕಿ ಉಜ್ಜಿದ. ಆಮೇಲೆ ಬಲ್ಬು ಚೇಂಜ್ ಮಾಡ್ದ. ಆಮೇಲೆ ಬೀದಿದೀಪದವ್ರನ್ನ ಬಾಯಿಗೆ ಬಂದಂಗೆ ಬೈದ. ಕಣ್ಣೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲದ್ರ ಮೇಲೂ ಗೂಬೆ ಕೂರಿಸ್ದ. ಡಾಕ್ಟ್ರ ಹತ್ರ ಹೋಗೋಣ ಅಂದ್ರೆ ಇರೋದು ಅದೇ ಆಸ್ಪತ್ರೆ. ಅಲ್ಲಿ ಗೊತ್ತಾದ್ರೆ ಸ್ಟ್ಯಾಂಡಿಗೆ, ಸ್ಟ್ಯಾಂಡಿಗೆ ಗೊತ್ತಾದ್ರೆ ಭಾಮೈದನಿಗೆ. ಕೊನೆಗೊಂದಿನ ಬೆಳಿಗ್ಗೆ ಬೀದಿ ಪಕ್ಕ ನಿಂತಿದ್ದ ಕೈಗಾಡಿಗೆ ಕಾರಿನ ಮಗ್ಗುಲು ಸವರಿ ಹೋಯ್ತು. ಹಿಂದೆ ಕೂತಿದ್ದ ಚಿಕ್ಕ ನರ್ಸು ಕಿಟಾರನೆ ಕಿರುಚಿದ್ಲು. "ನಾಯಿ ಅಡ್ಡ ಬಂತಮ್ಮ" ಅಂದ. ನಾಯಿ ಇರ್ಲಿಲ್ಲ. ಆವತ್ತೇ ಡಿಸೈಡ್ ಮಾಡ್ದ, ಇನ್ನೆರಡು ಲೈಟು ಹಾಕ್ಸೋದೇ.

ಸ್ಟ್ಯಾಂಡಿನ ಎದುರುಗಡೆ ಫ್ಯೂಸಣ್ಣನ ಅಂಗಡಿ. ಕಾರಿನ ವೈರಿಂಗ್ ಕೆಲ್ಸ ಅವನದ್ದು. ಮಾತಿಗೆ ಮುಂಚೆ ಫ್ಯೂಸ್ ಹೋಗ್ತಾನೆ ಅಂತ ಆ ಹೆಸರು, ಆದ್ರೆ ಕೈ ಅಂದ್ರೆ ಬಂಗಾರದ ಕೈ.

"ಏನ್ ಪೈಲೆಟ್ಟೇ, ಈ ಮುದಿ ಕಾರಿಗೆ ಈಗ ಸಿಂಗಾರ?" ಅಂದ ಫ್ಯೂಸಣ್ಣ.

"ಶೋಕಿ ಕಣಣ್ಣ. ನಂಗೂ ಒಂದು ಆಸೆ ಇರಲ್ವಾ?"

"ನಿನ್ ಆಸೆಗೆ ಐದ್ ಸಾವ್ರ ಆಗುತ್ತೆ."

"ನನ್ನ ಆಸೆ ಸಾವ್ರದಿನ್ನೂರಕ್ಕೆ ನಿಂತೋಗುತ್ತೆ."

ಫ್ಯೂಸಣ್ಣ ನಕ್ಕ. ಸಾವ್ರದಿನ್ನೂರಕ್ಕೆ ಲೈಟು ಹಾಕೋದು ಅವನಿಗೂ ಒಂಥರಾ ಪಂದ್ಯ ಆಗೋಯ್ತು. ಗುಜರಿಯಿಂದ ಒಂದು ಲಾರಿ ಲೈಟು, ಒಂದು ಟ್ರಾಕ್ಟರ್ ಲೈಟು ತಂದ್ರು. ಒಂದರ ಬೆಳಕು ಬಿಳಿ, ಇನ್ನೊಂದರದ್ದು ಕಾಮಾಲೆ ಬಂದಂಗೆ ಹಳದಿ. ಕೂರಿಸೋಕೆ ಪಟ್ಟಿ ಬೇಕಲ್ಲ, ಪೈಲೆಟ್ ಮನೆಯ ಮುರಿದ ಮಂಚದ ಕಬ್ಬಿಣ ಕತ್ತರಿಸ್ದ. ವೈರು ಸುಟ್ಟೋದ ನೀರಿನ ಪಂಪಿಂದು. ಎಲ್ಲಾದ್ರಲ್ಲೂ ಜುಗ್ಗತನ ಒಪ್ಕೊಂಡ ಫ್ಯೂಸಣ್ಣ ರಿಲೇ ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ. ರಿಲೇ ಅಂದ್ರೆ ಒಂದು ಪುಟ್ಟ ಡಬ್ಬಿ. ಬ್ಯಾಟ್ರಿ ಕರೆಂಟನ್ನ ತಾನೇ ಹೊತ್ತು ಲೈಟಿಗೆ ಕೊಡುತ್ತೆ, ಸ್ವಿಚ್ಚಿನ ಮೇಲೆ ಭಾರ ಬೀಳಲ್ಲ.

"ಅದೂ ಬೇಕಾ? ನೇರ ಕೊಡು ಸಾಕು" ಅಂದ ಪೈಲೆಟ್.

"ನೇರ ಕೊಟ್ರೆ ಸ್ವಿಚ್ಚು ಕರಗಿ ನಿನ್ ತೊಡೆ ಮೇಲೆ ಬೀಳುತ್ತೆ. ಆಮೇಲೆ ಅತ್ತಿಗೆಗೆ ನಾನೇನಂತ ಹೇಳ್ಲಿ?"

ಎರಡು ದಿನ ಹಿಡೀತು. ಎರಡನೇ ದಿನ ಸಂಜೆ ಹೊತ್ತು ಮುಳುಗೋ ಟೈಮಿಗೆ ಲೈಟಿನ ಗುರಿ ಸರಿ ಮಾಡ್ಬೇಕಿತ್ತು. ಅದು ಹೆಂಗೆ ಅಂದ್ರೆ, ಕಾರನ್ನ ಗೋಡೆಯಿಂದ ಇಪ್ಪತ್ತೈದು ಅಡಿ ದೂರ ನಿಲ್ಸಿ, ಲೈಟಿನ ಎತ್ತರಕ್ಕೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೀಬೇಕು. ಬೆಳಕು ಆ ಗೆರೆಗಿಂತ ಒಂಚೂರು ಕೆಳಗೆ ಬಿದ್ರೆ ಸರಿ, ಮೇಲಕ್ಕೆ ಬಿದ್ರೆ ಎದುರಿನವ್ನ ಕಣ್ಣು ಕುಕ್ಕುತ್ತೆ. ಫ್ಯೂಸಣ್ಣ ಬಾನೆಟ್ ಒಳಗೆ ತಲೆ ತೂರಿಸ್ಕೊಂಡಿದ್ದ. ಸೀಮೆಸುಣ್ಣ ಅವನ ಕಿವಿ ಮೇಲೇ ಇತ್ತು. ಗೆರೆ ಎಳೆದಿದೀನಿ ಅಂದ್ಕೊಂಡು ತಲೆ ಎತ್ತದೆ ಕೂಗ್ದ:

"ಪೈಲೆಟ್ಟೇ, ಗೋಡೆ ಮೇಲೆ ಗೆರೆ ನೆಟ್ಟಗಿದ್ಯಾ ನೋಡು."

ಪೈಲೆಟ್ ಗೋಡೆ ಕಡೆ ನೋಡ್ದ. ಅವನಿಗೆ ಗೋಡೆನೇ ಕಾಣ್ಸಲಿಲ್ಲ. "ಓ, ಚೆನ್ನಾಗಿದೆ" ಅಂದ. ಅಷ್ಟಕ್ಕೆ ಬಿಟ್ಟಿದ್ರೆ ಉಳ್ಕೊತಿದ್ದ. ತಿಳ್ಕೊಂಡವ್ನ ಥರ ಒಂದು ಮಾತು ಸೇರಿಸ್ದ: "ಬಲಗಡೆ ಒಂಚೂರು ಇಳಿದಿದೆ ಅಷ್ಟೇ."

ಫ್ಯೂಸಣ್ಣ ತಲೆ ಎತ್ತಿದ. ಗೋಡೆ ಖಾಲಿ. ಕಿವಿ ಮುಟ್ಟಿ ನೋಡ್ಕೊಂಡ, ಸೀಮೆಸುಣ್ಣ ಅಲ್ಲೇ ಇದೆ.

"ಎಷ್ಟು ಇಳಿದಿದೆ?" ಅಂದ ಮೆಲ್ಲಗೆ.

"ಎರಡು ಬೆರಳು ಇರ್ಬೋದು."

"ಹೋಗಿ ಅಳಸ್ಬಿಟ್ಟು ಬಾ, ಹೊಸದು ಎಳೀತೀನಿ."

ಪೈಲೆಟ್ ಹೋದ. ದಾರೀಲಿ ಟೈರಿನ ಗುಡ್ಡೆಗೆ ಮೊಣಕಾಲು ಹೊಡ್ಕೊಂಡ, "ಇದ್ಯಾರ್ ಇಟ್ಟಿದ್ದು ಇಲ್ಲಿ" ಅಂತ ಬೈದ. ಗೋಡೆ ಕೈಗೆ ಸಿಕ್ಕಾಗ ಅಂಗೈಲಿ ಆ ತುದಿಯಿಂದ ಈ ತುದಿವರೆಗೆ ಇಲ್ಲದ ಗೆರೆಯನ್ನ ಶ್ರದ್ಧೆಯಿಂದ ಒರೆಸ್ದ. ಫ್ಯೂಸಣ್ಣ ಬಾಯಿಗೆ ಬಟ್ಟೆ ತುರುಕ್ಕೊಂಡು ಬಾನೆಟ್ ಹಿಂದೆ ಕೂತ್ಬಿಟ್ಟಿದ್ದ, ಹೊಟ್ಟೆ ಹಿಡ್ಕೊಂಡು.

ಮಾರನೇ ದಿನ ಸ್ಟ್ಯಾಂಡಿಗೆಲ್ಲಾ ಗೊತ್ತು. ಫ್ಯೂಸಣ್ಣ ಗೋಡೆ ಒರೆಸೋದನ್ನ ಆಕ್ಟ್ ಮಾಡಿ ತೋರಿಸ್ದ. ಲಂಬು ಅಂತ ಒಬ್ಬ ಉದ್ದನೆ ಡ್ರೈವರ್ರು, ಟೀ ಮೂಗಿಗೆ ಹತ್ತಿ ಕೆಮ್ಮಿ ಕೆಮ್ಮಿ ಅತ್ತೇ ಬಿಟ್ಟ.

ಒಬ್ರಾದ್ರೂ "ಅಯ್ಯೋ, ಬೆಳಗಿನ ಜಾವ ನಾಲ್ಕು ಜನ ಹೆಣ್ಮಕ್ಕಳು ಕೂರ್ತಾರಲ್ಲ ಆ ಕಾರಲ್ಲಿ" ಅಂದ್ರಾ? ಇಲ್ಲ.

ಬದ್ಲಿಗೆ ಫ್ಯೂಸಣ್ಣ ಒಂದು ಗಿಫ್ಟ್ ಕೊಟ್ಟ. ಹೊಸ ಲೈಟಿನ ಗಾಜಿಗೆ ಹಗಲು ಹೊತ್ತು ಕಲ್ಲು ತಾಗ್ಬಾರ್ದು ಅಂತ ಎರಡು ದುಂಡನೆ ಕವರ್ರು. ಸ್ಟಿಕ್ಕರ್ ಅಂಗಡಿಯವ್ನ ಹತ್ರ ಕೆಂಪಕ್ಷರ ಮಾಡ್ಸಿ ಅಂಟಿಸಿದ್ದ. ಎಡಗಡೆ ಕವರಿನ ಮೇಲೆ "ಇರುಳು". ಬಲಗಡೆ "ಕಣ್ಣು".

"ದುಡ್ಡು ಬೇಡ ಕಣೋ, ಪ್ರೀತಿಗೆ" ಅಂದ.

ಪೈಲೆಟ್ ಎರಡೂ ಕವರನ್ನ ಆವಾಗ್ಲೇ ಲೈಟಿಗೆ ಹಾಕ್ದ. ಅವನ ಲೈಟಿಗೆ ಯಾರಾದ್ರೂ ಇಷ್ಟು ಚೆಂದದ ಹೆಸರಿಡ್ತಾರೆ ಅಂತ ಅಂದ್ಕೊಂಡಿರ್ಲಿಲ್ಲ. ಮನೇಲಿ ಹೆಂಡ್ತಿಯನ್ನ ಹೊರಗೆ ಕರೆದು ತೋರಿಸ್ದ. "ನೋಡೇ, ಇರುಳಿಗೆ ಕಣ್ಣು. ಫ್ಯೂಸಣ್ಣ ಒರಟ ಅಂತಿದ್ಯಲ್ಲ, ಎಂಥಾ ಮನಸ್ಸು ನೋಡು."

"ಚೆನ್ನಾಗಿದೆ ರೀ" ಅಂದ್ಲು ಪಾಪ, ಸೆರಗಲ್ಲಿ ಕವರ್ ಒರೆಸಿದ್ಲು.

ಅಲ್ಲಿಂದ ಇಪ್ಪತ್ತು ದಿನ ಸ್ಟ್ಯಾಂಡಿಗೆ ಹಬ್ಬ. ಹೊತ್ತಿಳಿದ ಮೇಲೆ ಲಂಬು ಕೈ ಚಾಚಿ "ಕೈ ಕೊಡು ಪೈಲೆಟ್ಟೇ" ಅನ್ನೋನು, ಇವನು ಕೈ ಮುಂದೆ ಮಾಡೋ ಹೊತ್ತಿಗೆ ಹಿಂದಕ್ಕೆ ಎಳ್ಕೊಳ್ಳೋನು. ಟೀ ಲೋಟ ಬೆಂಚಿನ ಈ ಕಡೆಯಿಂದ ಆ ಕಡೆ ಇಡೋರು, ಅವನು ತಡಕಾಡೋದನ್ನ ಎಣಿಸೋರು. ದಾರೀಲಿ ಸ್ಟೂಲ್ ಇಟ್ಟು ಪಂದ್ಯ ಕಟ್ಟೋರು, ಎಡವ್ತಾನೋ ಇಲ್ವೋ. ಎಡವಿದ್ರೆ ಪೈಲೆಟ್‌ನೂ ನಗೋನು. ತನ್ನ ಬಗ್ಗೆನೇ ಅಂತ ಒಳಗೊಳಗೆ ಅನ್ನಿಸ್ತಿತ್ತೋ ಏನೋ, ಆದ್ರೂ ನಗೋನು. ನಗದಿದ್ರೆ ಯಾಕೆ ಅಂತ ಕೇಳ್ತಾರಲ್ಲ.

ಲೈಟು ಏನೋ ಭರ್ಜರಿ ಕೆಲ್ಸ ಮಾಡ್ತಿತ್ತು. ಸ್ವಿಚ್ ಒತ್ತಿದ್ರೆ ಎದುರಿಗೆ ನೂರು ಗಜ ಮಟಮಟ ಮಧ್ಯಾಹ್ನ. ಆದ್ರೆ ಲೈಟು ನೋಡೋದು ನೇರಕ್ಕೆ. ತಿರುವಲ್ಲಿ, ಪಕ್ಕದಲ್ಲಿ, ಗೇಟಿನ ಸಂದೀಲಿ ಮತ್ತದೇ ಇದ್ದಿಲು. ಎದುರಿಗೆ ಕಾಣ್ತಿದೆ ಅನ್ನೋ ಧೈರ್ಯಕ್ಕೆ ಪೈಲೆಟ್ ಸ್ಪೀಡು ಜಾಸ್ತಿ ಮಾಡ್ದ. ಮೊದ್ಲಾದ್ರೆ ಭಯಕ್ಕೆ ನಿಧಾನ ಹೋಗ್ತಿದ್ದ. ಎರಡು ಸಲ ಫುಟ್‌ಪಾತ್ ಹತ್ತಿಸ್ದ. ಚಿಕ್ಕ ನರ್ಸು ಹಿಂದೆ ಕೂತು ಸೀಟಿನ ಅಂಚು ಹಿಡ್ಕೊಳ್ಳೋಕೆ ಶುರು ಮಾಡಿದ್ಲು.

ಇಪ್ಪತ್ತೊಂದನೇ ದಿನ ಹೆಡ್ ಸಿಸ್ಟರ್ ರಜೆ ಮುಗಿಸ್ಕೊಂಡು ಡ್ಯೂಟಿಗೆ ಬಂದಿದ್ರು. ನಾಲ್ವರಲ್ಲಿ ದೊಡ್ಡವ್ರು, ಮಾತು ಕಮ್ಮಿ. ಮಧ್ಯಾಹ್ನ ಎರಡೂವರೆಗೆ ಮನೆಗೆ ಹೋಗೋಕೆ ಅಂತ ಕಾರಿನ ಮುಂದಿಂದ ನಡ್ಕೊಂಡು ಬಂದ್ರು. ಕವರ್ ಓದಿ ನಿಂತ್ರು.

"ಯಾರ್ರೀ ಬರೆಸಿದ್ದು ಇದನ್ನ?"

"ಚೆನ್ನಾಗಿದೆ ಅಲ್ವಾ ಸಿಸ್ಟರ್?"

"ಸೇರಿಸಿ ಓದ್ರೀ."

"ಇರುಳು... ಕಣ್ಣು."

"ಸೇರಿಸಿ. ಇರುಳುಗಣ್ಣು. ಏನಂತ ಗೊತ್ತಾ? ಕತ್ತಲಾದ್ರೆ ಕಣ್ಣು ಕಾಣದೇ ಇರೋ ರೋಗ. ಅದನ್ನ ಕಾರಿನ ಮೂತಿ ಮೇಲೆ ಬರೆಸ್ಕೊಂಡಿದೀರಲ್ಲ!" ಅಂತ ನಕ್ರು ಹೆಡ್ ಸಿಸ್ಟರ್.

ಅವ್ರು ನಿಜಕ್ಕೂ ತಮಾಷೆ ಅಂತಾನೇ ನಕ್ಕಿದ್ದು. ಆದ್ರೆ ಪೈಲೆಟ್ ಮುಖದ ರಕ್ತ ಇಳಿದೋಯ್ತು. ಅವನ ಬೆನ್ನ ಹಿಂದೆ ಬೆಂಚಿನ ಮೇಲೆ ಲಂಬು ಬೇರೆ ಕಡೆ ನೋಡ್ದ, ಫ್ಯೂಸಣ್ಣ ಇಲ್ಲದ ಸ್ಕ್ರೂ ಹುಡುಕೋಕೆ ಬಗ್ಗಿದ. ಇಪ್ಪತ್ತೈದು ವರ್ಷ ರೋಗಿಗಳ ಮನೆಯವ್ರ ಮುಖ ನೋಡಿದ ಹೆಂಗಸು ಆಕೆ. ನಗು ಅಲ್ಲಿಗೇ ನಿಂತೋಯ್ತು.

"ಬನ್ನಿ ನನ್ ಜೊತೆ."

ಆಸ್ಪತ್ರೆಯ ಕೆಳಗಡೆ ಪಾರ್ಕಿಂಗ್ ಇದೆ, ಹಗಲಲ್ಲೂ ಅರೆಗತ್ತಲು. ಮಿಕ್ಕ ಮೂವರು ನರ್ಸುಗಳೂ ಹಿಂದೇನೇ ಬಂದ್ರು. ಹೆಡ್ ಸಿಸ್ಟರ್ ಒಂದು ಕಂಬ ತೋರಿಸಿ, "ಅಲ್ಲಿವರೆಗೆ ನಡೀರಿ" ಅಂದ್ರು.

"ಯಾಕ್ ಸಿಸ್ಟರ್?"

"ನಡೀರಿ ಅಂದೆ."

ಪೈಲೆಟ್ ಬೆನ್ನು ನೆಟ್ಟಗೆ ಮಾಡ್ಕೊಂಡು ನಡೆದ. ಹತ್ತು ಹೆಜ್ಜೆ. ಮಧ್ಯದಲ್ಲಿ ಖಾಲಿ ವೀಲ್‌ಚೇರ್ ನಿಂತಿತ್ತು, ಉಳಿದೋರಿಗೆಲ್ಲಾ ಎದ್ದು ಕಾಣೋ ಹಂಗೆ. ಅವನು ಅದರೊಳಗೇ ನಡೆದ. ಅದು ಅವನನ್ನ ಹೊತ್ಕೊಂಡೇ ಎರಡಡಿ ಉರುಳಿ ಗೋಡೆಗೆ ಹೊಡ್ದು ಕೆಳಗೆ ಕೆಡವ್ತು.

"ಚಪ್ಪಲಿ ಜಾರ್ತು" ಅಂದ, ಕೆಳಗಿಂದಾನೇ.

ಚಿಕ್ಕ ನರ್ಸು ಎಬ್ಬಿಸೋಕೆ ಹೋಗ್ಲಿಲ್ಲ. "ನಾಯಿ ಇರ್ಲಿಲ್ಲ ಅಲ್ವಾ ಆವತ್ತು?" ಅಂದ್ಲು. "ನಂಗೆ ಎರಡು ವರ್ಷದ ಮಗು ಇದೆ ಕಣ್ರೀ."

ಹೆಡ್ ಸಿಸ್ಟರ್ ಸೀದಾ ಸ್ಟ್ಯಾಂಡಿಗೆ ಬಂದ್ರು. "ನಿಮಗೆಲ್ಲಾ ಎಷ್ಟು ದಿನದಿಂದ ಗೊತ್ತು?"

"ಒಂದ್ ಇಪ್ಪತ್ತು ದಿನ..." ಅಂದ ಲಂಬು, ಬಾಯಿ ಜಾರಿ.

"ತಮಾಷೆಗೆ ಸಿಸ್ಟರ್" ಅಂದ ಫ್ಯೂಸಣ್ಣ.

"ನಾವು ಸತ್ತಿದ್ರೂ ತಮಾಷೆನಾ?"

ಅವ್ರು ಆ ಕಡೆ ತಿರುಗಿದ್ದೇ ತಡ, ಬೆಂಚಿನ ಮೇಲೆ ಯಾರೋ ಕಿಸಕ್ಕಂದ್ರು.

ಸಿಸ್ಟರೇ ಕಣ್ಣಿನ ಡಾಕ್ಟ್ರ ಹತ್ರ ಕೂರಿಸಿದ್ರು. ಡಾಕ್ಟ್ರು ಚಿಕ್ಕ ಹುಡುಗ. ಪಕ್ಕದ ನೋಟ ಎಲ್ಲಾ ಹೋಗಿದೆ, ಮಧ್ಯದಲ್ಲಿ ಕೊಳವೆ ತೂರಿ ನೋಡೋ ಅಷ್ಟು ಉಳಿದಿದೆ, ಅದೂ ನಿಧಾನಕ್ಕೆ ಹೋಗುತ್ತೆ, ಔಷಧಿ ಇಲ್ಲ ಅಂದ. ಪೈಲೆಟ್, "ಇನ್ನೆರಡು ಲೈಟು ಹಾಕ್ಸಿದ್ರೆ ಸರ್? ಸೈಡಿಗೆ?" ಅಂದ. ಡಾಕ್ಟ್ರು ಜೋಕು ಅಂದ್ಕೊಂಡು ಜೋರಾಗಿ ನಕ್ಕ. ಪೈಲೆಟ್‌ನೂ ನಕ್ಕ.

ಮಾರನೇ ದಿನ ಮಟಮಟ ಮಧ್ಯಾಹ್ನ ಭಾಮೈದ ಮನೆ ಮುಂದೆ ಬಂದ. ಒಳಗೆ ಬರ್ಲಿಲ್ಲ. ಕೀಗೆ ಅಂಗೈ ಚಾಚ್ದ, ಪೈಲೆಟ್ ಕೊಟ್ಟ. ಜೊತೇಲಿ ಲಂಬು ಬಂದಿದ್ದ, ಬೆಳಗಿನ ಟ್ರಿಪ್ ಇನ್ಮೇಲೆ ಅವನದ್ದು. ಅವನು ಆಗ್ಲೇ ಡ್ರೈವರ್ ಸೀಟ್ ಹಿಂದಕ್ಕೆ ಜರುಗಿಸ್ಕೊಳ್ತಿದ್ದ, ಕಾಲು ಉದ್ದ ನೋಡಿ.

ಹೆಂಡ್ತಿ ಬಾಗ್ಲಲ್ಲಿ ನಿಂತು, "ಊಟ ಮಾಡ್ಕೊಂಡು ಹೋಗೋ" ಅಂದ್ಲು ತಮ್ಮನಿಗೆ.

"ಬೇಡಕ್ಕ, ಕೆಲ್ಸ ಇದೆ." ಪೈಲೆಟ್ ಕಡೆ ತಿರುಗಿ, "ಆ ಲೈಟ್ ಬಿಚ್ಕೋ" ಅಂದ.

"ಇರ್ಲಿ ಬಿಡಪ್ಪ, ಬೆಳಿಗ್ಗೆ ಕತ್ತಲಿರುತ್ತೆ. ಉಪಯೋಗ ಆಗುತ್ತೆ."

"ಅವ್ನಿಗೆ ಯಾಕೆ? ಅವ್ನಿಗೆ ಕಣ್ಣು ಕಾಣುತ್ತೆ. ಬಿಚ್ಚು."

ಕೀ ಕೊಟ್ಟ ಹನ್ನೆರಡು ವರ್ಷದಲ್ಲಿ ಆ ಮನೆ ಮುಂದೆ ಭಾಮೈದ ಹಂಗೆ ಏಕವಚನದಲ್ಲಿ ಮಾತಾಡಿದ್ದು ಅದೇ ಮೊದ್ಲು. ಹೆಂಡ್ತಿ ಒಳಗೆ ಹೋಗ್ಬಿಟ್ಲು. ಪೈಲೆಟ್ ಸ್ಪ್ಯಾನರ್ ತಂದು ಬಿಸಿಲಲ್ಲಿ ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಹಗಲಲ್ಲಿ ಅವನ ಕಣ್ಣು ಬೇಕಾದಷ್ಟು ಕಾಣ್ತಿತ್ತು, ಕೈಯೂ ಚುರುಕು. ಎರಡು ದಿನ ಹಿಡಿದ ಕೆಲ್ಸ ಕಾಲು ಗಂಟೇಲಿ ಬಿಚ್ಚಿ ಬಂತು. ಎದ್ದು ನಿಂತು ಮೊಣಕಾಲು ಕೊಡವ್ಕೊಂಡ.

"ಹಗಲು ಟ್ರಿಪ್ ಯಾವ್ದಾದ್ರೂ ಇದ್ರೆ..." ಅಂದ.

ಭಾಮೈದ ಹಿಂದಿನ ಸೀಟಲ್ಲಿ ಕೂತು ಗಾಜು ಏರಿಸ್ತಿದ್ದ. ಗಾಜು ಪೂರ್ತಿ ಏರೋ ಮುಂಚೆ, "ಲಂಬೂ, ನಡಿ" ಅಂದಿದ್ದು ಮಾತ್ರ ಪೈಲೆಟ್‌ಗೆ ಕೇಳಿಸ್ತು.