ಮೊದಲ ಪ್ಯಾಕೆಟ್ಟೂ ಕಮಲಾಪುರದ ಬಸ್ಸೂ

ಗೆಳೆಯರೇ, ನಿನ್ನೆ ನಾನು ಮಾಡಿದ ಪಾಠ ಇವತ್ತು ನನಗೇ ತಿರುಗಿ ಬಡಿಯಿತು.

ಕಲಬುರಗಿಯ ನಮ್ಮ ಕಾಲೇಜಿನಲ್ಲಿ ನಿನ್ನೆ ಕ್ಲೌಡ್‌ನ ವರ್ಚುವಲ್ ಸ್ವಿಚ್ ಬಗ್ಗೆ ಹೇಳಿದ್ದೆ. ಸಾಲಾಗಿ ಬರುವ ಪ್ಯಾಕೆಟ್‌ಗಳಲ್ಲಿ, ಅಂದರೆ ಮಾಹಿತಿಯ ತುಣುಕುಗಳಲ್ಲಿ, ಮೊದಲನೆಯದು ಬಂದಾಗ ಮಾತ್ರ ಸ್ವಿಚ್ಚು ಒಳಗೆ ಬಿಡಲೋ ಬೇಡವೋ ಎಂದು ತನ್ನ ಮೇಲಿನ ನಿಯಂತ್ರಕವನ್ನು ಕೇಳುತ್ತದೆ. ಆ ಉತ್ತರ ನೆನಪಿಟ್ಟುಕೊಂಡು, ಅದೇ ಕಡೆಯಿಂದ ಬಂದ ಉಳಿದವನ್ನು ಕೇಳದೆಯೇ ಬಿಡುತ್ತದೆ. ತರಗತಿ ಕಲ್ಲಿನಂತೆ ಕೂತಿತ್ತು. "ಒಬ್ಬರ ತಲಿಗೂ ಹೋಗಿಲ್ಲ" ಎಂದು ಬೈದು ಎದ್ದಿದ್ದೆ.

ಇವತ್ತು ಕಮಲಾಪುರದ ಬಸ್ಸು ತಡ. ಪಾಠ ಶುರುವಾದ ಮೇಲೆ, ಆ ಬಸ್ಸಿನಲ್ಲಿ ಬರುವ ಅಂಬಿಕಾ ಬಾಗಿಲಲ್ಲಿ ನಿಂತಳು. "ಬಸ್ ಲೇಟ್ ಆಗ್ಯಾದ್ರಿ ಮೇಡಂ, ಒಳಗ ಬರ್ಲೇನ್ರಿ?"

"ಬಾ" ಎಂದೆ. ಅವಳ ಹಿಂದೆ ಇನ್ನೂ ಒಂಬತ್ತು ಜನ ನನ್ನತ್ತ ನೋಡದೆ ಸರಸರ ಒಳಬಂದರು.

"ಏನ್ರೋ, ಕೇಳಂಗಿಲ್ಲ ಹೇಳಂಗಿಲ್ಲ, ಸೀದಾ ಹೊಂಟೀರಿ?"

ಕೊನೆಯಲ್ಲಿದ್ದ ರೇವಣಸಿದ್ಧ ನಿಂತ. "ಮೊದಲನೇ ಪ್ಯಾಕೆಟ್ ಕೇಳ್ಯಾದಲ್ರಿ ಮೇಡಂ. ನಾವೆಲ್ಲಾ ಅದರ ಹಿಂದಿನವ್ರು."

ನಗು ನುಂಗಿಕೊಂಡು ಎಲ್ಲರಿಗೂ ಹಾಜರಿ ಹಾಕಿದೆ. ಮನೆಗೆ ಬಂದ ಮೇಲೆ ಹೊಳೆಯಿತು: ರೇವಣಸಿದ್ಧನ ಮನೆ ಇರುವುದು ಇಲ್ಲೇ ಊರೊಳಗೆ, ಐವಾನ್-ಎ-ಶಾಹಿ ಬಡಾವಣೆಯಲ್ಲಿ. ಕಾಲೇಜಿಗೆ ನಡೆದೇ ಬರುತ್ತಾನೆ.

ಪಾಠ ಎಲ್ಲರ ತಲೆಗೂ ಹೋಗಿದೆ. ಯಾರು ಎಲ್ಲಿಂದ ಬಂದರು ಎಂದು ನೋಡಬೇಕಿದ್ದ ಸ್ವಿಚ್ಚೊಂದನ್ನು ಬಿಟ್ಟು.