ಕೆರೆಯ ಬಣ್ಣ ಕೇಳುತ್ತಿದ್ದವನು

ಅವನನ್ನು ನಾನು ಮೊದಲು ಕಂಡದ್ದು ನಮ್ಮ ಮನೆಯ ಹೊರಗಿನ ನಲ್ಲಿಯ ಹತ್ತಿರ. ಹೇಳದೆ ಕೇಳದೆ ನಲ್ಲಿ ತಿರುಗಿಸಿ, ಒಂದು ಕಂದು ನಾಯಿಯ ಕಾಲು ತೊಳೆಯುತ್ತಿದ್ದ. ನಾಯಿ ಕಾಲು ನೆಕ್ಕಲು ಹೋದಾಗಲೆಲ್ಲ ಅದರ ಮೂತಿಯನ್ನು ಮೊಣಕೈಯಿಂದ ಆಚೆ ನೂಕುತ್ತಿದ್ದ.

“ಯಾರಪ್ಪಾ ನೀನು? ಈ ನಲ್ಲಿ ನಿಮ್ಮಪ್ಪ ಹಾಕಿಸಿದ್ದಾ?” ಎಂದೆ.

“ಕೆರೆಗೆ ಹೊಸದಾಗಿ ಬಂದಿರೋ ಕಾವಲಿನವನು, ಅಕ್ಕಾ. ನೀರಲ್ಲಿ ವಿಷದ ಪಾಚಿ ಎದ್ದಿದೆ, ಇವರು ಕಾಲಿಟ್ಟುಬಿಟ್ರು. ನೆಕ್ಕಿಕೊಂಡ್ರೆ ಕಥೆ ಮುಗೀತು. ಮೊದಲು ತೊಳೀತೀನಿ, ಆಮೇಲೆ ಬೈಸ್ಕೋತೀನಿ.”

“ಇವರು ಅಂದ್ರೆ ಯಾರು?”

“ಸಾಹೇಬ್ರು. ನನ್ನ ಕುರ್ಚೀಲಿ ಕೂರೋದು ಇವರೇ. ನಾನು ನಿಂತ್ಕೊಂಡೇ ಇರ್ತೀನಿ.”

ಅಲ್ಲಿಂದ ಹನ್ನೊಂದು ವರ್ಷ ಅವನು ಕೆರೆ ಕಾದ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು. ಹೆಂಡತಿ ತೀರಿಕೊಂಡಿದ್ದಳು, ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಬೆಳಿಗ್ಗೆ ಏಳಕ್ಕೆ ನೀರು ನೋಡುವುದು, ಗೇಟಿನ ಹಲಗೆ ತಿರುಗಿಸುವುದು ಅವನ ಕೆಲಸ. ಹಲಗೆಯ ಒಂದು ಮುಖ ನೀಲಿ, ಒಂದು ಮುಖ ಕೆಂಪು. ಅಕ್ಷರ ಕೂಡಿಸಿ ಓದುವ ನನ್ನಂಥವರಿಗೆ ಬಣ್ಣವೇ ಸಾಕಿತ್ತು. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಕೆನೆ ಕಂಡರೆ ಕೆಂಪು. ಮನುಷ್ಯರಾಗಲಿ ನಾಯಿಗಳಾಗಲಿ ಇಳಿಯುವ ಹಾಗಿಲ್ಲ. ಹಸಿರು ಹೋದ ಮೇಲೂ ಅವನು ಕೂಡಲೇ ನೀಲಿಗೆ ತಿರುಗಿಸುತ್ತಿರಲಿಲ್ಲ. ಬಾಟಲಿಯಲ್ಲಿ ನೀರನ್ನು ಪರೀಕ್ಷೆಗೆ ಕಳಿಸಿ, ಎರಡು ಸಲ ಸರಿ ಇದೆ ಎಂದು ಬರುವವರೆಗೆ ಕಾಯುತ್ತಿದ್ದ. ಜನ ಬೈಯುತ್ತಿದ್ದರು.

“ನೀರು ಕನ್ನಡಿ ಹಾಗಿದೆಯಲ್ಲೋ!”

“ಮುಖ ನೋಡ್ಕೊಳ್ಳಿ ಸ್ವಾಮಿ, ಇಳೀಬೇಡಿ.”

ಒಂಬತ್ತನೆಯ ವರ್ಷ ಅವನ ಕಣ್ಣಿಗೆ ಪೊರೆ ಬಂತು. ಮೊದಲು ತಿಳಿದದ್ದು ನನಗೆ. ಟೀ ಲೋಟ ಚಾಚಿದರೆ ಅವನ ಕೈ ನಾಲ್ಕು ಬೆರಳು ಆಚೆಗೆ ಹೋಯಿತು.

“ಯಾರಿಗೂ ಹೇಳ್ಬೇಡಿ ಅಕ್ಕಾ. ಆಪರೇಷನ್ ಅಂತ ರಜಾ ಹಾಕಿದ್ರೆ ಇನ್ನೊಬ್ಬರನ್ನ ತಂದು ಕೂರಿಸ್ತಾರೆ. ನನ್ನದಿರಲಿ, ಸಾಹೇಬ್ರ ಕುರ್ಚಿ ಹೋಗುತ್ತೆ.”

ನಾನು ಹೇಳಲಿಲ್ಲ. ಅಂದಿನಿಂದ ದಿನಾ ಏಳಕ್ಕೆ ನನ್ನ ಅಡುಗೆಮನೆಯ ಕಿಟಕಿಯ ಕೆಳಗೆ ನಿಂತು “ಅಕ್ಕಾ, ಬಣ್ಣ?” ಎನ್ನುತ್ತಿದ್ದ. ಆ ಕಿಟಕಿಯಿಂದ ಈಚೆ ದಡ ಮಾತ್ರ ಕಾಣುತ್ತದೆ. ನಾನು “ತಿಳಿ” ಅಥವಾ “ಹಸಿರು” ಎನ್ನುತ್ತಿದ್ದೆ. ಎರಡು ವರ್ಷದಲ್ಲಿ ಒಂದು ದಿನವೂ ಸುಳ್ಳು ಹೇಳಿಲ್ಲ.

ಆ ಸೋಮವಾರ ಹತ್ತು ಗಂಟೆಗೆ ಶಾಲೆಯ ಮಕ್ಕಳು ದೋಣಿ ನಡೆಸುವುದನ್ನು ಕಲಿಯಲು ಬರುವವರಿದ್ದರು. ಆರೂವರೆಗೆ ನಾನು ಹೊದಿಕೆ ಒಣಹಾಕಿದ್ದೆ. ಅದು ಕೆರೆಯ ಕಡೆಗೆ ಉಬ್ಬಿ ಹಾರುತ್ತಿತ್ತು. ಎರಡು ಕ್ಲಿಪ್ಪು ಸಾಲದೆ ನಾಲ್ಕು ಹಾಕಿದೆ. ಏಳಕ್ಕೆ ಅವನು ಕೇಳಿದ. ಈಚೆ ದಡ ನೋಡಿದೆ. ತಳದ ಕಲ್ಲು ಕಾಣುತ್ತಿತ್ತು. “ತಿಳಿ” ಎಂದೆ. ಹಲಗೆ ನೀಲಿಯೇ ಉಳಿಯಿತು.

ಪಾಚಿಯೆಲ್ಲ ಗಾಳಿಗೆ ಆಚೆ ದಡಕ್ಕೆ ಹೋಗಿ ಕೂಡಿಕೊಂಡಿತ್ತು. ಎಂಟೂಕಾಲಿಗೆ ಸಾಹೇಬರು ಅಲ್ಲಿ ನೀರಿಗೆ ಬಿದ್ದು ಎದ್ದು ಬಂದರು. ಮೈಮೇಲಿನ ಹಸಿರು ಅವನಿಗೆ ಕಾಣಲಿಲ್ಲ. ನಾಯಿ ಬಿಸಿಲಿನಲ್ಲಿ ಕೂತು ಮೈಯೆಲ್ಲ ನೆಕ್ಕಿಕೊಂಡಿತು. ಒಂಬತ್ತಕ್ಕೆ ಹಿಂಗಾಲು ಸೋತವು, ಬಾಯಲ್ಲಿ ನೊರೆ ಬಂತು. ಅವನು ಎತ್ತಿಕೊಂಡು ನನ್ನ ನಲ್ಲಿಗೆ ತಂದ. ಇಬ್ಬರೂ ತೊಳೆದೆವು. ನನ್ನ ಉಗುರಿನ ಸಂದಿಗೆಲ್ಲ ಹಸಿರು ಹತ್ತಿತು. ಪ್ರಾಣಿಗಳ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬರುವಷ್ಟರಲ್ಲಿ ಮುಗಿದಿತ್ತು.

ಅವನು ನಾಯಿಯನ್ನು ಅಲ್ಲೇ ಬಿಟ್ಟು ಎದ್ದ. ಹೋಗಿ ಹಲಗೆಯನ್ನು ಕೆಂಪಿಗೆ ತಿರುಗಿಸಿದ. ಹತ್ತಕ್ಕೆ ಬಂದ ಮಕ್ಕಳನ್ನು ಗೇಟಿನಿಂದಲೇ ವಾಪಸು ಕಳಿಸಿದ. ನಲವತ್ತೆರಡು ಮಕ್ಕಳು; ನಾನು ಕಿಟಕಿಯಿಂದ ಎಣಿಸಿದೆ. ಆಮೇಲೆ ಕಚೇರಿಗೆ ಹೋಗಿ, ಕಣ್ಣು ಕಾಣುವುದಿಲ್ಲ ಎಂದು ತಾನೇ ಹೇಳಿದ. ನನ್ನ ಮಾತು ಎತ್ತಲಿಲ್ಲವಂತೆ.

ಹನ್ನೆರಡು ದಿನ ಕಳೆದು ಮಗಳ ಮನೆಗೆ ಹೊರಟ. ಕುರ್ಚಿಯನ್ನು ತಂದು ನನ್ನ ಬಾಗಿಲಲ್ಲಿ ಇಟ್ಟು, “ನೀವು ಕೂತ್ಕೊಳ್ಳಿ ಅಕ್ಕಾ” ಎಂದ. ಅವನು ಅಳಲಿಲ್ಲ, ನಾನೂ ಅಳಲಿಲ್ಲ. ಟೀ ಕೊಟ್ಟೆ, ಲೋಟವನ್ನು ಅವನ ಅಂಗೈಗೇ ಇಟ್ಟೆ. ಕುಡಿದು, ನಲ್ಲಿಯಲ್ಲಿ ಲೋಟ ತೊಳೆದು ಕೊಟ್ಟ. ತಿರುಗುವಾಗ ತಂತಿಯ ಮೇಲಿದ್ದ ಹೊದಿಕೆ ಅವನ ಮುಖಕ್ಕೆ ತಾಗಿತು. ಅದರ ಅಂಚನ್ನು ಕೈಯಲ್ಲಿ ಹಿಡಿದುಕೊಂಡ. ಆಮೇಲೆ, ಗಂಟೆ ಎಷ್ಟು ಎಂದು ಕೇಳುವ ಹಾಗೆ ಕೇಳಿದ:

“ಅಕ್ಕಾ, ಅವತ್ತು ಇದು ಯಾವ ಕಡೆ ಹಾರ್ತಿತ್ತು?”