ವಾಮನ ಮಾಷ್ಟ್ರ ಅಮೆರಿಕ

ವಾಮನ ಮಾಷ್ಟ್ರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಲಿಫ್ಟಿನಲ್ಲಿ ನಿಂತರೂ ನೂರು ಮಕ್ಕಳ ಕ್ಲಾಸಿಗೆ ಹೇಳಿದ ಹಾಗೆ ಹೇಳುತ್ತಿದ್ದರು. ಮಲೇಶಿಯಾದ ನಿಲಾಯ್‌ನಲ್ಲಿ ಅವರ ಫ್ಲ್ಯಾಟಿಗೂ ನಮ್ಮದಕ್ಕೂ ನಡುವೆ ಒಂದೇ ಗೋಡೆ. ಕೊರೋನಾ ಬಂದು ಪಾಠವೆಲ್ಲ ಕಂಪ್ಯೂಟರಿಗೆ ಹೋದ ಮೇಲೆ, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನೂ ನನ್ನ ಮಂಚದ ಮೇಲೆ ಕೂತು ಅವರ ಇಂಗ್ಲಿಷ್ ಕ್ಲಾಸು ಕೇಳಿದೆ.

ನಾನು ಮಂಗಳೂರಿನವಳು. ಮಗಳ ಬಾಣಂತನಕ್ಕೆ ಬಂದು ಇಲ್ಲೇ ಸಿಕ್ಕಿಬಿದ್ದವಳು. ಅವರು ಉಡುಪಿಯವರು, ಇಲ್ಲಿನ ಕಾಲೇಜಿನಲ್ಲಿ ಕಲಿಸುತ್ತಿದ್ದದ್ದು ಅಮೆರಿಕದ ಕಾದಂಬರಿ. ಸಂಜೆ ಬಾಲ್ಕನಿಯಲ್ಲಿ ನಿಂತು ಆ ಕತೆಗಳನ್ನು ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ಎಲ್ಲ ಕತೆಯೂ ಒಂದೇ. ಒಬ್ಬನಿಗೆ ದುಡ್ಡು ಬೇಕು. ಬಂದರೂ ಹಾಳಾಗುತ್ತಾನೆ, ಬಾರದಿದ್ದರೂ ಹಾಳಾಗುತ್ತಾನೆ.

"ಇದಕ್ಕೆ ಇಷ್ಟು ದಪ್ಪದ ಪುಸ್ತಕ ಎಂತಕ್ಕೆ ಮಾಷ್ಟ್ರೇ?" ಎಂದೆ.

"ಅಲ್ಲಿ ದುಡ್ಡಿಲ್ಲದವ ಬಡವ ಅಲ್ಲ ಬಾಯಮ್ಮ, ತಪ್ಪು ಮಾಡಿದವ. ಕಳ್ಳನ ಹಾಗೆ ಮುಖ ಮುಚ್ಚಿಕೊಳ್ಬೇಕು. ಆ ನಾಚಿಕೆ ಬರೀಲಿಕ್ಕೆ ಅಷ್ಟು ಪುಟ ಬೇಕು."

"ನಮ್ಮಲ್ಲಿ ಬೇರೆಯಾ?"

"ನಮ್ಮಲ್ಲಿ ಪುಸ್ತಕ ಓದುವವರು ಕಡಿಮೆ, ಅಷ್ಟೇ" ಎಂದು ಇಡೀ ಕಟ್ಟಡಕ್ಕೆ ಕೇಳುವ ಹಾಗೆ ನಕ್ಕರು.

ಒಳ್ಳೆಯ ಮನುಷ್ಯ. ಮನೆಗೊಬ್ಬರೇ ಹೊರಗೆ ಹೋಗಬೇಕೆಂಬ ದಿನಗಳಲ್ಲಿ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ರೊಟ್ಟಿ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿ ತರುವಾಗ ನನಗೂ ಒಂದು ಕಟ್ಟು ತಂದು ಬಾಗಿಲಿಗೆ ತೂಗಿಸುತ್ತಿದ್ದರು. ದುಡ್ಡು ಕೊಡಲು ಹೋದರೆ, "ಎಂತ ಬಾಯಮ್ಮ, ಪ್ರೊಫೆಸರಿಗೆ ಲಂಚವಾ?"

ಆಗ ಅವರ ಹೆಂಡತಿ ಸುಮತಿಯ ಅಮ್ಮ ಉಡುಪಿಯಲ್ಲಿ ಹಾಸಿಗೆ ಹಿಡಿದರು. ಊರಿಗೆ ವಿಶೇಷ ವಿಮಾನ ಬಿಡುತ್ತಿದ್ದರು. ಸುಮತಿ ಮಾಸ್ಕ್ ಹಾಕಿಕೊಂಡು ನಮ್ಮ ಬಾಗಿಲಲ್ಲಿ ನಿಂತು ಅತ್ತಳು.

"ಸೆಮಿಸ್ಟರ್ ಮುಗಿಯದೆ ಇವರಿಗೆ ರಜೆ ಇಲ್ಲಂತೆ ಬಾಯಮ್ಮ. ನಾನೊಬ್ಬಳೇ ಹೋದ್ರೆ ತಿರುಗಿ ಈ ದೇಶದ ಒಳಗೆ ಬಿಡುದಿಲ್ಲ."

ಗೋಡೆಯ ಈಚೆ ನನಗೆ ಬೇರೆಯೇ ಕೇಳುತ್ತಿತ್ತು. ಮೊದಲೆಲ್ಲ ಮಾಷ್ಟ್ರು ಪ್ರಶ್ನೆ ಕೇಳಿದರೆ ಕಂಪ್ಯೂಟರಿನಿಂದ "ಯೆಸ್ ಸರ್" ಎಂದು ಮಕ್ಕಳು ಕೂಗುತ್ತಿದ್ದರು. ಯಾರದೋ ಮನೆಯ ಕೋಳಿಯೂ ಕೂಗುತ್ತಿತ್ತು. ಈಗ ಒಂದು ಪಿಳ್ಳೆಯ ಸ್ವರವೂ ಇಲ್ಲ. ಮಾಷ್ಟ್ರು ಪ್ರಶ್ನೆ ಕೇಳುತ್ತಾರೆ, ಸ್ವಲ್ಪ ತಡೆಯುತ್ತಾರೆ, ತಾವೇ "ಗುಡ್, ವೆರಿ ಗುಡ್" ಎನ್ನುತ್ತಾರೆ.

ಸಂಜೆ ಬಾಲ್ಕನಿಯಲ್ಲಿ ಹಿಡಿದೆ. "ಮಾಷ್ಟ್ರೇ, ಮಕ್ಕಳು ಎಲ್ಲಿ?"

ಅವರ ಸ್ವರ ಬಿದ್ದುಹೋಯಿತು. "ಕೋರ್ಸೇ ತೆಗೆದ್ರು ಬಾಯಮ್ಮ. ಕಾದಂಬರಿ ಯಾರಿಗೂ ಬೇಡಂತೆ. ಸುಮತಿಗೆ ಹೇಳ್ಬೇಡಿ. ಇಲ್ಲೇ ಹತ್ತಿರ ಸೈಬರ್‌ಜಯಾದಲ್ಲಿ ಒಂದು ಕಡೆ ಕೆಲಸ ಕೇಳಿದ್ದೇನೆ."

"ನಿಮಗೆ ಕೆಲಸ ಸಿಗುವವರೆಗೆ ಆ ಮುದುಕಿಯ ಜೀವ ನಿಲ್ತದಾ?"

"ಇಷ್ಟು ವರ್ಷ ಪ್ರೊಫೆಸರ್ ಅನ್ನಿಸಿಕೊಂಡವ ಮಾವನ ಮನೆಗೆ ಈ ಮುಖ ಹೊತ್ತುಕೊಂಡು ಹೋಗುದು ಹೇಗೆ?"

"ವಿಮಾನದಲ್ಲಿ."

ಮರುದಿನ ಕ್ಲಾಸಿನ ಹೊತ್ತಿಗೆ ಹೋಗಿ ಅವರ ಮನೆಯ ಬೆಲ್ ಒತ್ತಿದೆ, ಸುಮತಿಗೆ ಹೇಳಿದೆ. ಅವಳು ನೇರ ಹೋಗಿ ಕೋಣೆಯ ಬಾಗಿಲು ದೂಡಿದಳು. ಇಸ್ತ್ರಿಯ ಶರ್ಟು, ಟೈ, ಕೆಳಗೆ ಪಂಚೆ. ಕಂಪ್ಯೂಟರ್ ಕಪ್ಪಗಿತ್ತು. ಮಾಷ್ಟ್ರು ಒಂದು ಕೈ ಎತ್ತಿ ಏನೋ ವಿವರಿಸುತ್ತಿದ್ದರು.

"ಯಾರಿಗೆ ರೀ ಇದು?" ಎಂದಳು ಸುಮತಿ.

ಎತ್ತಿದ ಕೈ ಇಳಿಸಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಕಾಲೇಜಿನವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಅಂಗಡಿ ಇಟ್ಟವರು, ಹೋಗದ ಮಾಲು ತೆಗೆದರು. ದುಡ್ಡಿಲ್ಲದವನ ಆ ನಾಚಿಕೆಯನ್ನು ಬಿಡಿಸಿ ಬಿಡಿಸಿ ಮಕ್ಕಳಿಗೆ ತೋರಿಸಿದ ಮನುಷ್ಯನೇ ಅದನ್ನು ಎದೆಗೆ ಕಟ್ಟಿಕೊಂಡು ಕೂತದ್ದು ನನಗೆ ಇವತ್ತಿಗೂ ಕಹಿ.

ಅವರಿಗೆ ಟಿಕೆಟ್ ಸಿಕ್ಕಿತು. ಲಿಫ್ಟಿನ ಹತ್ತಿರ ಪೆಟ್ಟಿಗೆಗಳ ನಡುವೆ ನಿಂತಿದ್ದ ಮಾಷ್ಟ್ರು, "ಮರ್ಯಾದೆ ತೆಗೆದ್ರಿ ಬಾಯಮ್ಮ" ಎಂದರು.

"ಅದು ಇದ್ರೆ ಎಷ್ಟು, ಹೋದ್ರೆ ಎಷ್ಟು. ಬೇಗ ಹೋಗಿ" ಎಂದೆ. ಮತ್ತೆ ಅವರನ್ನು ನಾನು ನೋಡಲಿಲ್ಲ.

ಊರು ಮುಟ್ಟಿದವರನ್ನು ಮಂಗಳೂರಿನ ಹೋಟೆಲಿನಲ್ಲಿ ಕ್ವಾರಂಟೈನಿಗೆ ಕೂಡಿಹಾಕಿದರು. ಅವರು ಅಲ್ಲಿರುವಾಗಲೇ ಮುದುಕಿ ತೀರಿಕೊಂಡಿತು. ಮಗಳಿಗೆ ಮುಖ ನೋಡಲಿಕ್ಕೂ ಸಿಗಲಿಲ್ಲ.

ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಸುಮತಿ ಫೋನು ಮಾಡಿದಳು.

"ಮಾಷ್ಟ್ರು ಹೇಗಿದ್ದಾರೆ?"

"ಬಂದವರಿಗೆಲ್ಲ, ಕಾಲೇಜಿನವರು ತಾವಾಗಿ ರಜೆ ಕೊಟ್ಟು ಕಳಿಸಿದ್ರು ಅಂತ ಹೇಳ್ತಿದ್ದಾರೆ."

"ನೀನೆಂತ ಹೇಳಿದೆ?"

"ನಾನೂ ಹೌದು ಅಂದೆ ಬಾಯಮ್ಮ. ಅಷ್ಟು ಜನರ ಎದುರು ಮತ್ತೆಂತ ಹೇಳುದು?"